ಗಿರಾಕಿಗಳ ಗಾಡಿಗೆ ಮಾತ್ರ

"ಅಮ್ಮಾ, ಗಾಡಿ ತೆಗೀರಿ. ಶನಿವಾರ, ಭಾನುವಾರ ಇಲ್ಲಿ ಅಂಗಡಿಗೆ ಬಂದವ್ರಿಗೆ ಮಾತ್ರ ಜಾಗ," ಎಂದು ಪಾರ್ಕಿಂಗಿನವನು ಕಾರಿನ ಗಾಜು ತಟ್ಟಿದ. ಅವನ ಕೈಯಲ್ಲಿ ಚಕ್ರಕ್ಕೆ ಹಾಕುವ ಹಳದಿ ಬೀಗವಿತ್ತು.

"ನಾನೂ ಅಂಗಡಿಗೇ ಬಂದಿರೋದು."

"ಯಾವ ಅಂಗಡಿಗೆ? ಪ್ರತಿ ಭಾನುವಾರ ನೋಡ್ತಾನೇ ಇದೀನಿ. ಗಾಜು ಏರಿಸ್ಕೊಂಡು ಕೂತಿರ್ತೀರ, ಒಂದಿನಾನೂ ಕೆಳಗಿಳಿದಿಲ್ಲ."

ಅವಳು ಎದುರಿನ ಹೊಲಿಗೆ ಅಂಗಡಿ ತೋರಿಸಿಬಿಟ್ಟಳು. ಅದು ತಂಗಿಯ ಅಂಗಡಿ. ತಂಗಿ ತಾನು ಮೆಚ್ಚಿದವನನ್ನು ಕಟ್ಟಿಕೊಂಡಾಗ, "ನನ್ನ ಪಾಲಿಗೆ ನೀನು ಸತ್ತೆ" ಎಂದು ಮುಖದ ಮೇಲೆ ಬಾಗಿಲು ಹಾಕಿದವಳು ಇವಳೇ. ಆಗ ಏನು ಗತ್ತು, ಅಬ್ಬಬ್ಬಾ! ಈಗ ಮನೆಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಮೆಷಿನ್ನಿನ ಮೇಲೆ ಬಗ್ಗಿದ ಆ ತಲೆಯನ್ನು ದೂರದಿಂದ ಕಂಡರಷ್ಟೇ ಇವಳಿಗೆ ವಾರ ಕಳೆಯುತ್ತಿತ್ತು.

ಪಾರ್ಕಿಂಗಿನವನು ಸುಮ್ಮನೆ ಬಿಡುವ ಆಸಾಮಿಯಲ್ಲ. ಅವಳನ್ನು ಇಳಿಸಿ, ಅಂಗಡಿಯ ಬಾಗಿಲವರೆಗೂ ಕರೆದೊಯ್ದು ಕೂಗಿದ: "ಮೇಡಂ, ಇವ್ರು ನಿಮ್ಮ ಗಿರಾಕೀನಾ? ಅಲ್ಲ ಅನ್ನಿ, ಬೀಗ ಜಡೀತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

ಮೆಷಿನ್ ನಿಂತಿತು. ತಂಗಿ ಕತ್ತೆತ್ತಿ ಅಕ್ಕನನ್ನು ನೋಡಿದಳು. ತಂಗಿಯ ಕೂದಲೂ ನರೆತಿತ್ತು. 'ಅಲ್ಲ' ಎಂದುಬಿಟ್ಟರೆ ಮುಗಿಯಿತು, ಇನ್ನು ಈ ಬೀದಿಯೂ ತನಗಿಲ್ಲ ಎಂದುಕೊಂಡಳು ಅಕ್ಕ.

"ಹೌದು, ಗಿರಾಕಿ," ಎಂದಳು ತಂಗಿ.

"ಎಲ್ರೂ ಹೀಗೇ ಹೇಳಿ ಸಿನಿಮಾಕ್ಕೆ ಹೋಗ್ತಾರೆ. ಎಲ್ಲಿ, ಅಳತೆ ತಗೊಳ್ಳಿ ನೋಡೋಣ." ಅವನು ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತ.

ತಂಗಿ ಕೊರಳಲ್ಲಿದ್ದ ಟೇಪು ತೆಗೆದಳು. ಭುಜ ಅಳೆದಳು, ಬೆನ್ನು ಅಳೆದಳು, ಎದೆಯ ಸುತ್ತ ಟೇಪು ಬಳಸಿದಳು. ಅಕ್ಕ ಎರಡೂ ಕೈ ಚಾಚಿ, ಕಣ್ಣು ಮುಚ್ಚಿ ನಿಂತಿದ್ದಳು. ಅವಳನ್ನು ಇನ್ನೊಬ್ಬರು ಮುಟ್ಟಿ ವರ್ಷಗಳೇ ಆಗಿದ್ದವು. ಅಷ್ಟರಲ್ಲಿ ಬೀದಿಯಲ್ಲಿ ಇನ್ಯಾರೋ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿದರು. ಪಾರ್ಕಿಂಗಿನವನು ಬೀಗ ಹಿಡಿದು ಅತ್ತ ಓಡಿದ.

ಟೇಪು ಸಡಿಲವಾಯಿತು.

"ಅವನು ಹೋದ. ಇನ್ನು ನೀನೂ ಹೊರಡು," ಎಂದಳು ತಂಗಿ.

ಅಕ್ಕ ಚಾಚಿದ ಕೈ ಇಳಿಸಲಿಲ್ಲ.

"ತೋಳಿನ ಅಳತೆ ಬಾಕಿ ಇದ್ಯಲ್ಲೇ."