ಐಸ್ ಹಾಕಿ

ಸೋಡಾ ಅಂಗಡಿಯಿಂದ ತಂದ ಐಸ್ ಗಡ್ಡೆಯನ್ನು ಅಂಜಿನಪ್ಪ ಟವಲ್ಲಿನಲ್ಲಿ ಸುತ್ತಿ, ಊದಿದ ಮೊಣಕಾಲಿಗೆ ಬಿಗಿದು ಕಟ್ಟಿದ. ಹಾಕಿ ಚೆನ್ನಾಗಿ ಆಡುತ್ತಾನೆಂದೇ ದಾವಣಗೆರೆಯ ಮಿಲ್ಲಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. "ಇವತ್ತು ಹರಿಹರದೋರ ಮೇಲೆ ಆಡದಿದ್ರೆ ನಾಳೆ ಗೇಟಿನ ಹತ್ರ ಸುಳೀಬ್ಯಾಡ" ಎಂದಿದ್ದ ಮ್ಯಾನೇಜರ್. ಕಾಲು ಸವೆಯುವವರೆಗೆ ಓಡಿಸಿ, ಕುಂಟಿದ ಕೂಡಲೇ ಹೊರಗೆ ತಳ್ಳುವ ಜನ!

"ಐಸ್ ಕಟ್ಟು ಅಂತ ಯಾರಲೇ ಹೇಳಿದ್ರು?" ಜೊತೆಯ ಆಟಗಾರ ಓಬಯ್ಯ ಕೇಳಿದ.

"ನೀನೇ ಪೇಪರ್ ಓದಿ ಹೇಳ್ದೆಲ್ಲಲೇ, ಕೆನಡಾದಾಗ ಪಗಾರ ತಗಂಡು ಐಸ್ ಹಾಕಿ ಆಡ್ತಾರೆ ಅಂತ! ನಾನೂ ಹಾಕ್ದೆ."

ಓಬಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ಆಟದ ಹೆಸರಲೇ ಮಂಗ್ಯಾ! ಐಸಿನ ಮ್ಯಾಲೆ ಆಡೋ ಹಾಕಿ!"

ಅಂಜಿನಪ್ಪ ಸಿಟ್ಟಿನಿಂದ ಟವಲ್ ಬಿಚ್ಚಿ ಎಸೆದು ಎದ್ದುನಿಂತ. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ನೋವು ಅರ್ಧಕ್ಕರ್ಧ ಇಳಿದಿತ್ತು.

"ಹೆಸರು ಏನಾರ ಇರ್ಲಿ, ಸ್ಟಿಕ್ ಕೊಡಲೇ" ಎಂದ.