ಹುಸೇನಮ್ಮ ನಡೆದಷ್ಟು ಊರು

ಗಾಡಿಗಳೆಲ್ಲ ನಿಂತುಹೋದ ಮೇಲೆ ಹೊಸ ಊರುಗಳನ್ನು ನಡೆದೇ ಅಳೆಯುತ್ತಿದ್ದರು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಬಾವಿಯಿಂದ ಹೊರಟು ದಣಿದು ನಿಂತಲ್ಲಿಗೆ ಕೊನೆಯ ಮನೆ, ಅದರಾಚೆ ಹೊಲ. ಅಷ್ಟರೊಳಗೆ ಜಾಗ ಸಿಗದವರು ಬೇರೆ ನೆಲ ಹುಡುಕಿಕೊಳ್ಳಬೇಕಿತ್ತು.

ಊರಿನ ನಕ್ಷೆ ಹಾಕಲು ಬಂದಿದ್ದ ನೀಲಾಂಬಿಕಾ ಗಡಿಯ ಗೂಟ ಹಿಡಿದು, ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಸೇನಮ್ಮನ ಹಿಂದೆ ನಡೆದಳು. ಕಾಲು ಸೊಟ್ಟಗಿದ್ದ ಆ ಮುದುಕಿ ಒಮ್ಮೆ ತತ್ತರಿಸಿದರೂ ನಿಲ್ಲಲಿಲ್ಲ.

"ಸಾಕು ನಿಲ್ರಿ ಅಮ್ಮಾ, ದಣಿದೀರಿ."

"ಇಲ್ರೀ ಅಕ್ಕಾರ. ನಾ ಇಲ್ಲೇ ನಿಂತರ ಕಡೀಗೆ ಬಂದ ಆ ಕುಂಬಾರ ಮಂದಿಗೆ ಜಾಗ ಎಲ್ಲೈತಿ?"

ಇನ್ನಷ್ಟು ದೂರ ಹೋಗಿ ಅವಳು ಕುಸಿದು ಕೂತಳು. ಹಿಂದೆ ಬರುತ್ತಿದ್ದ ಕುಂಬಾರರು ಉಸಿರು ಬಿಗಿಹಿಡಿದು ಗೂಟವನ್ನೇ ನೋಡಿದರು. ಅಲ್ಲೇ ನೆಟ್ಟರೆ ಎಲ್ಲರಿಗೂ ಮನೆ ಸಿಗುತ್ತಿತ್ತು. ಆದರೆ ಆ ಕೊನೆಯ ಮನೆಯವರೂ ಒಂದು ದಿನ ಮುದುಕರಾಗಿ, ನೀರು ಹೊತ್ತು, ಇದೇ ದಾರಿಯಲ್ಲಿ ಕುಸಿಯಬೇಕಾಗುತ್ತಿತ್ತು.

ನೀಲಾಂಬಿಕಾ ಹಿಂದಕ್ಕೆ ಹೋಗಿ, ಹುಸೇನಮ್ಮ ತತ್ತರಿಸಿದ್ದ ಜಾಗದಲ್ಲಿ ಗೂಟ ಬಡಿದಳು. ಕುಂಬಾರರಲ್ಲಿ ಯಾರೋ ಬಿಕ್ಕಿದರು.

"ಅಳಬ್ಯಾಡ್ರಿ. ಗೋಡೆಗೆ ಗೋಡೆ ಹಚ್ಚಿ, ನಾಕು ಮನಿಗೆ ಒಂದ ಅಂಗಳ ಬಿಟ್ಟು ಕಟ್ಟೂಣು. ಎಲ್ಲಾರಿಗೂ ಜಾಗ ಆಕ್ಕೈತಿ," ಎಂದಳು ನೀಲಾಂಬಿಕಾ. "ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳತೈತಿ, ಅಷ್ಟ."

"ಕೇಳಲಿ ಬಿಡ್ರಿ," ಎಂದ ಕುಂಬಾರರ ಹಿರಿಯ ಹುಸೇನಮ್ಮನ ಮುಂದೆ ಬೆನ್ನು ಬಾಗಿಸಿ ಕೂತ. ಅವಳನ್ನು ಹೊತ್ತುಕೊಂಡು ಬಾವಿಯ ಕಡೆಗೆ ನಡೆದ.