ದಂಡೆಯ ಖಾಲಿ ಚೌಕ

“ಯಾರೇ ಇದು? ನಾನ್ ತೆಗೆದ ಫೋಟೋದಲ್ಲಿ ಇಲ್ವಲ್ಲ!” ಹೆಂಡತಿ ಬರೆದ ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿದ ಸತ್ಯಮೂರ್ತಿ.

ನೈನಿತಾಲಿನ ಫೋಟೋ ಮೇಲೆ ಪೆನ್ಸಿಲ್ ಚೌಕಗಳನ್ನೆಳೆದು, ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ ಪಂಕಜಾ ಬೆಟ್ಟವನ್ನೂ ಸರೋವರವನ್ನೂ ಒಂದೊಂದೇ ಚೌಕವಾಗಿ ಕ್ಯಾನ್ವಾಸಿನ ಮೇಲೆ ದೊಡ್ಡದು ಮಾಡಿ ಬರೆದಿದ್ದಳು. ತಮ್ಮ ವಡಾಲದ ಮನೆಗೆ ಬಂದವರೆಲ್ಲ ನೋಡಲೆಂಬುದು ಅವನ ಆಸೆ. ಫೋಟೋದಲ್ಲಿ ಖಾಲಿಯಿದ್ದ ದಂಡೆಯ ಚೌಕದಲ್ಲಿ ಈಗ ಪುಟ್ಟ ಹೆಂಗಸೊಬ್ಬಳು ಥರ್ಮಾಸು, ಚೀಲಗಳ ನಡುವೆ ಕಾಲು ಚಾಚಿ ಕೂತಿದ್ದಳು.

“ಅಳಿಸ್ಬಿಡು. ಸೀನರಿಗೆ ಅಡ್ಡ.”

ಪಂಕಜಾ ಕುಂಚ ಒರೆಸುತ್ತಲೇ ಇದ್ದಳು. “ಅಲ್ಲೂ ಹೀಗೇ ಅಂದು ಎಬ್ಬಿಸಿದ್ರಿ. ಕ್ಯಾಮೆರಾದ ರೋಲ್ ಮುಗಿಯೋವರೆಗೂ ಚೀಲ ಹೊತ್ಕೊಂಡು ಪಕ್ಕಕ್ಕೆ ಸರೀತಾನೇ ಇದ್ದೆ. ಸಾಕಾಗಿದೆ ಕಣ್ರೀ, ಈ ಸಲ ಏಳಲ್ಲ.”